ಸ್ಥಳೀಯ ದೂರದರ್ಶನ ನಿಲಯದ ಕಾರ್ಯಕ್ರಮ ಪಟ್ಟಿ

ದೂರದರ್ಶನ ನಿಲಯವೊಂದು ಮುಂದಿನ ತಿಂಗಳ ಕಾರ್ಯಕ್ರಮಗಳನ್ನು ಮುಂಚಿತವಾಗಿ ಪ್ರಕಟಿಸಿದಾಗ ಆ ಪಟ್ಟಿಯಲ್ಲಿ ನೋಡುಗರು ಹುಡುಕುವುದು ಎರಡೇ ಸಂಗತಿ: ತಮಗೆ ಬೇಕಾದ ಕಾರ್ಯಕ್ರಮ ಯಾವುದು, ಅದು ಎಷ್ಟು ಗಂಟೆಗೆ. ಆ ಗಂಟೆ ಕಳೆದ ಮೇಲೆ ಪಟ್ಟಿ ರದ್ದಿಯ ಪಾಲಾಗುತ್ತದೆ. ವೃತ್ತಪತ್ರಿಕೆಯ ಅಗ್ರಲೇಖನವನ್ನೂ ಚಲನಚಿತ್ರವನ್ನೂ ಅಧ್ಯಯನಕ್ಕೆ ಯೋಗ್ಯವೆಂದು ಎಣಿಸುವ ನಾವು ಈ ಪಟ್ಟಿಯನ್ನು ಹಾಗೆ ಎಣಿಸಿದವರಲ್ಲ. ಆದರೆ ಒಂದು ನಿಲಯ ಯಾರದು, ಅದಕ್ಕೆ ಹಣ ಎಲ್ಲಿಂದ ಬರುತ್ತದೆ, ಅದು ಯಾರನ್ನು ತನ್ನ ಜನವೆಂದು ಭಾವಿಸಿದೆ ಎಂಬ ಪ್ರಶ್ನೆಗಳಿಗೆ ನಿಲಯದ ಘೋಷಣೆಗಳಿಗಿಂತ ಅದರ ಪಟ್ಟಿಯೇ ಹೆಚ್ಚು ನಂಬಿಕೆಗೆ ತಕ್ಕ ಉತ್ತರವನ್ನು ಕೊಡುತ್ತದೆಂದು ನಮಗೆ ತೋರುತ್ತದೆ. ಪ್ರಕೃತ ಲೇಖನದಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನದ ಸಾರ್ವಜನಿಕ ದೂರದರ್ಶನ ನಿಲಯಗಳನ್ನು ಉದಾಹರಣೆಯಾಗಿಟ್ಟುಕೊಂಡು ಇದನ್ನು ವಿವರಿಸಲು ಯತ್ನಿಸುತ್ತೇವೆ. ಆ ದೇಶವನ್ನು ಆರಿಸಿಕೊಂಡುದಕ್ಕೆ ಕಾರಣವಿಲ್ಲದಿಲ್ಲ. ಅಲ್ಲಿ ಸಾರ್ವಜನಿಕ ದೂರದರ್ಶನದ ಬೇರು ಊರುಗಳಲ್ಲಿದೆ, ರಾಜಧಾನಿಯಲ್ಲಿಲ್ಲ. ಮತ್ತು 2025ರಲ್ಲಿ ಆ ಬೇರಿಗೇ ಪೆಟ್ಟು ಬಿದ್ದಿತು.

ಮೊದಲು ಏರ್ಪಾಡನ್ನು ತಿಳಿದುಕೊಳ್ಳಬೇಕು. ಅಮೆರಿಕೆಯಲ್ಲಿ ಜಾಹೀರಾತಿನಿಂದ ಜೀವಿಸುವ ವಾಣಿಜ್ಯ ನಿಲಯಗಳೇ ಬಹುಸಂಖ್ಯಾತ. ಅವುಗಳ ಪಕ್ಕದಲ್ಲಿ ಲಾಭದ ಉದ್ದೇಶವಿಲ್ಲದ ನಿಲಯಗಳು ಬೇರೆ ಇವೆ. ಇವುಗಳ ಲೈಸೆನ್ಸ್ ಕೆಲವೆಡೆ ವಿಶ್ವವಿದ್ಯಾನಿಲಯದ ಹೆಸರಿನಲ್ಲಿದೆ, ಕೆಲವೆಡೆ ರಾಜ್ಯ ಸರ್ಕಾರ ನೇಮಿಸಿದ ಮಂಡಲಿಯ ಹೆಸರಿನಲ್ಲಿ, ಇನ್ನು ಕೆಲವೆಡೆ ನಾಗರಿಕರು ಕೂಡಿ ಕಟ್ಟಿದ ಸಂಸ್ಥೆಯ ಹೆಸರಿನಲ್ಲಿ. ಇಂಥ ನಿಲಯಗಳು ಸೇರಿ ಆದದ್ದು ಪಬ್ಲಿಕ್ ಬ್ರಾಡ್‌ಕಾಸ್ಟಿಂಗ್ ಸರ್ವಿಸ್, ಸಂಕ್ಷೇಪವಾಗಿ ಪಿ.ಬಿ.ಎಸ್. ನಮ್ಮಲ್ಲಿ ಅನೇಕರು ಇದನ್ನು ಬ್ರಿಟನ್ನಿನ ಬಿ.ಬಿ.ಸಿ.ಯಂಥ ಒಂದು ದೊಡ್ಡ ಸಂಸ್ಥೆಯೆಂದು ತಿಳಿದಿರುವುದುಂಟು. ವಾಸ್ತವದಲ್ಲಿ ಪಿ.ಬಿ.ಎಸ್.ಗೆ ತನ್ನದೆಂಬ ಒಂದು ನಿಲಯವೂ ಇಲ್ಲ. ಹಳ್ಳಿಗಳ ಹಾಲು ಉತ್ಪಾದಕರ ಸಹಕಾರ ಸಂಘಗಳು ಕೂಡಿ ಒಕ್ಕೂಟವಾಗುವಂತೆ, ಮುನ್ನೂರಕ್ಕೂ ಹೆಚ್ಚು ಸದಸ್ಯ ನಿಲಯಗಳು ಕೂಡಿ ಆದ ಒಕ್ಕೂಟ ಅದು. ಭೇದವಿಷ್ಟೆ: ಹಾಲು ಹಳ್ಳಿಯಿಂದ ಒಕ್ಕೂಟಕ್ಕೆ ಹರಿದರೆ, ಇಲ್ಲಿ ಕಾರ್ಯಕ್ರಮ ಬಹುಮಟ್ಟಿಗೆ ಒಕ್ಕೂಟದಿಂದ ಊರಿಗೆ ಹರಿಯುತ್ತದೆ, ನಿಲಯಗಳು ಅದಕ್ಕಾಗಿ ವರ್ಷವರ್ಷವೂ ಚಂದಾ ಕೊಡುತ್ತವೆ.

ಹಿಂದೆ ಹೀಗಿರಲಿಲ್ಲ. ಎರಡನೆಯ ಮಹಾಯುದ್ಧದ ತರುವಾಯ ದೂರದರ್ಶನಕ್ಕೆ ಬೇಡಿಕೆ ಏರಿದಾಗ, ಒಂದರ ಸಂಕೇತ ಇನ್ನೊಂದಕ್ಕೆ ಅಡ್ಡಬರುವುದೆಂದು ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ 1948ರಲ್ಲಿ ಹೊಸ ಲೈಸೆನ್ಸುಗಳನ್ನು ತಡೆಹಿಡಿಯಿತು. ಆ ಆಯೋಗದ ಪ್ರಥಮ ಮಹಿಳಾ ಸದಸ್ಯೆ ಫ್ರೀಡಾ ಹೆನಕ್ ಈ ಬಿಡುವನ್ನು ಬಳಸಿಕೊಂಡು, ವಿದ್ಯೆಗೆಂದು ಕೆಲವು ಚಾನೆಲ್‌ಗಳನ್ನು ಈಗಲೇ ಕಾದಿರಿಸದಿದ್ದರೆ ಮುಂದೆ ಎಂದೂ ದೊರೆಯಲಾರವೆಂದು ಪಟ್ಟುಹಿಡಿದು ವಾದಿಸಿದರು. 1952ರ ಏಪ್ರಿಲ್‌ನಲ್ಲಿ ತಡೆ ತೆರವಾದಾಗ 242 ಚಾನೆಲ್‌ಗಳು ಶಿಕ್ಷಣಕ್ಕೆ ಮೀಸಲಾದವು. ಊರಿನ ರಸ್ತೆಯಲ್ಲಿ ಅಂಗಡಿಗಳೆದ್ದು ನಿಲ್ಲುವ ಮೊದಲೇ ಶಾಲೆಗೊಂದು ನಿವೇಶನವನ್ನು ಬಿಟ್ಟಂತೆ ಆಯಿತು ಇದು. ನಿವೇಶನ ದೊರೆಯಿತು, ಕಟ್ಟಡಕ್ಕೆ ಹಣ ದೊರೆಯಲಿಲ್ಲ. ಆ ಮಾತು ಮುಂದೆ ಬರುತ್ತದೆ.

ಮೀಸಲು ಚಾನೆಲ್ಲಿನಲ್ಲಿ ಮೊದಲು ಪ್ರಸಾರ ಮಾಡಿದ್ದು ಟೆಕ್ಸಸ್ ಪ್ರಾಂತ್ಯದ ಹ್ಯೂಸ್ಟನ್ ವಿಶ್ವವಿದ್ಯಾನಿಲಯದ ಕೆ.ಯು.ಎಚ್.ಟಿ. ನಿಲಯ, 1953ರ ಮೇ 25ರಂದು. ಹಗಲು ದುಡಿದು ಸಂಜೆ ಓದುವವರಿಗೆಂದು ಅಲ್ಲಿ ಕಾಲೇಜಿನ ಪಾಠಗಳನ್ನೇ ರಾತ್ರಿಯ ಹೊತ್ತು ಪ್ರಸಾರ ಮಾಡುತ್ತಿದ್ದರು. ಹೀಗಾಗಿ ಆ ನಿಲಯದ ಕಾರ್ಯಕ್ರಮ ಪಟ್ಟಿಗೂ ಕಾಲೇಜಿನ ವೇಳಾಪಟ್ಟಿಗೂ ಹೆಚ್ಚಿನ ಅಂತರವಿರಲಿಲ್ಲ. ಮರುವರ್ಷ ಪಿಟ್ಸ್‌ಬರ್ಗ್ ನಗರದಲ್ಲಿ ಡಬ್ಲ್ಯು.ಕ್ಯು.ಇ.ಡಿ. ಆರಂಭವಾಯಿತು. ಇದು ಯಾವ ವಿಶ್ವವಿದ್ಯಾನಿಲಯದ್ದೂ ಅಲ್ಲ; ಮನೆಮನೆಯಿಂದ ಎರಡೆರಡು ಡಾಲರ್ ಎತ್ತಿ ಊರಿನವರೇ ನಿಲ್ಲಿಸಿದ ನಿಲಯ. ಅದರ ಆದಿಯ ಕಾರ್ಯಕ್ರಮಗಳಲ್ಲಿ ಮಕ್ಕಳದೊಂದಿತ್ತು. ಬೇರೆಡೆಯಿಂದ ಪುಕ್ಕಟೆಯಾಗಿ ತರಿಸಿದ ಚಲನಚಿತ್ರದ ತುಣುಕುಗಳನ್ನು ಅದರಲ್ಲಿ ತೋರಿಸುತ್ತಿದ್ದರು. ಹಳೆಯ ರೀಲು ನಡುವೆ ಹರಿದುಹೋದಾಗ ಸಮಯ ತುಂಬಲು ತೆರೆಯ ಹಿಂದಿನಿಂದ ಒಂದು ಕೈಗೊಂಬೆ ಇಣುಕಿ ಮಾತನಾಡುತ್ತಿತ್ತು. ನಿಲಯದ ವ್ಯವಸ್ಥಾಪಕಿ ಡೊರೊತಿ ಡೇನಿಯಲ್ ಪ್ರಾರಂಭದ ಮುನ್ನಾದಿನ ಕೊಟ್ಟಿದ್ದ ಹುಲಿಯ ಗೊಂಬೆ ಅದು; ಅವರ ಹೆಸರನ್ನೇ ಅದಕ್ಕಿಟ್ಟರು. ಅದನ್ನಾಡಿಸುತ್ತಿದ್ದ ತರುಣ ಫ್ರೆಡ್ ರೋಜರ್ಸ್ ಮುಂದೆ ಇಡೀ ದೇಶದ ಮಕ್ಕಳಿಗೆ ಪರಿಚಿತರಾದರು. ಚೀಟಿಯಲ್ಲಿ ಬರೆದಿಟ್ಟ ಕಾರ್ಯಕ್ರಮ ಕೈಕೊಟ್ಟಾಗ ಹುಟ್ಟಿದ್ದು ಚೀಟಿಯಲ್ಲಿದ್ದುದಕ್ಕಿಂತ ಹೆಚ್ಚು ಬಾಳಿತು.

ಬೋಸ್ಟನ್ನಿನ ಡಬ್ಲ್ಯು.ಜಿ.ಬಿ.ಎಚ್. ನಿಲಯದ ಕಥೆಯೂ ಇಂಥದೇ. ಅದರ ಮೂಲವನ್ನು ಅರಸಿ ಹೋದರೆ ನಾವು ಮುಂಬಯಿಗೆ ಬಂದು ನಿಲ್ಲಬೇಕಾಗುತ್ತದೆಂಬುದು ಸ್ವಾರಸ್ಯ. ಬೋಸ್ಟನ್ನಿನ ಶ್ರೀಮಂತ ಮನೆತನದ ಜಾನ್ ಲೋವೆಲ್ ಪ್ರವಾಸದಲ್ಲಿದ್ದಾಗ 1836ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ತಮ್ಮ ಊರಿನ ಜನಕ್ಕೆ ಸಾರ್ವಜನಿಕ ಉಪನ್ಯಾಸಗಳನ್ನು ಏರ್ಪಡಿಸಲೆಂದು ಅವರು ಆಸ್ತಿಯ ಅರ್ಧವನ್ನು ಉಯಿಲಿನಲ್ಲಿ ಬಿಟ್ಟಿದ್ದರು. ಆ ದತ್ತಿಯ ಸಂಸ್ಥೆಯೇ ನೂರಹತ್ತು ವರ್ಷಗಳ ಮೇಲೆ ನೆರೆಯ ವಿಶ್ವವಿದ್ಯಾನಿಲಯಗಳನ್ನು ಕೂಡಿಸಿ ಪ್ರಸಾರಕ್ಕೆ ಕೈಹಾಕಿತು. 1955ರಲ್ಲಿ ದೂರದರ್ಶನವಾಯಿತು. 1961ರ ಅಕ್ಟೋಬರ್‌ನಲ್ಲಿ ಸ್ಟುಡಿಯೋ ಬೆಂಕಿಗೆ ಆಹುತಿಯಾಯಿತು. ಮರುವರ್ಷ ಪುಸ್ತಕ ಪರಿಚಯದ ಕಾರ್ಯಕ್ರಮವೊಂದಕ್ಕೆ ಜೂಲಿಯಾ ಚೈಲ್ಡ್ ಎಂಬ ಗೃಹಿಣಿ ಬಂದರು. ತಾವು ಸಹಲೇಖಕಿಯಾಗಿ ಬರೆದ ಫ್ರೆಂಚ್ ಅಡುಗೆಯ ಪುಸ್ತಕವನ್ನು ಕುರಿತು ಬರಿಯ ಮಾತಾಡುವ ಬದಲು ಅವರು ಅಲ್ಲಿಯೇ ಒಲೆ ಹೊತ್ತಿಸಿ ಆಮ್ಲೆಟ್ ಮಾಡಿ ತೋರಿಸಿದರು. ಇನ್ನೂ ನೋಡಬೇಕೆಂದು ಕೇಳಿ ನಿಲಯಕ್ಕೆ ಬಂದ ಪತ್ರಗಳು 27. ವಾಣಿಜ್ಯ ನಿಲಯವೊಂದು ಕಸದ ಬುಟ್ಟಿಗೆ ಹಾಕಬಹುದಾಗಿದ್ದ ಸಂಖ್ಯೆ ಇದು. ಆದರೆ ಅಲ್ಲಿಯವರಿಗೆ ಇಪ್ಪತ್ತೇಳು ಜನ ಲೇಖನಿ ಹಿಡಿದು ಕುಳಿತುದು ದೊಡ್ಡ ಸಂಗತಿಯಾಗಿ ಕಂಡಿತು. ಸ್ಟುಡಿಯೋ ಸುಟ್ಟುಹೋಗಿದ್ದ ಕಾರಣ ವಿದ್ಯುತ್ ಕಂಪನಿಯೊಂದರ ಪ್ರದರ್ಶನದ ಅಡುಗೆಮನೆಯನ್ನು ಎರವಲು ಪಡೆದು ಚಿತ್ರೀಕರಿಸಿದ ಆಕೆಯ ಪಾಠಮಾಲೆ 1963ರ ಫೆಬ್ರುವರಿಯಿಂದ ಪ್ರಸಾರವಾಯಿತು.

ಈ ಸ್ವಾತಂತ್ರ್ಯಕ್ಕೆ ಬೆಲೆಯೂ ಇತ್ತು. ಸ್ಯಾನ್ ಫ್ರಾನ್ಸಿಸ್ಕೋದ ಕೆ.ಕ್ಯು.ಇ.ಡಿ. ಆರಂಭವಾದ ವರ್ಷದೊಳಗೇ ಮುಚ್ಚುವ ಸ್ಥಿತಿಗೆ ಬಂದು, 1955ರಲ್ಲಿ ದಾನವಾಗಿ ಬಂದ ವಸ್ತುಗಳನ್ನು ಪ್ರಸಾರದಲ್ಲಿಯೇ ಹರಾಜು ಹಾಕಿ ಉಳಿದುಕೊಂಡಿತು. ಫೋರ್ಡ್ ಪ್ರತಿಷ್ಠಾನದ ನೆರವು ದೊಡ್ಡದಾಗಿದ್ದರೂ ಅದು ಒಬ್ಬ ದಾತನ ಔದಾರ್ಯ. 1967ರ ಆರಂಭದಲ್ಲಿ ಕಾರ್ನೆಗಿ ಆಯೋಗ ವರದಿ ಕೊಟ್ಟಿತು. ಅದೇ ವರ್ಷ ನವೆಂಬರ್ 7ರಂದು ಅಧ್ಯಕ್ಷ ಜಾನ್ಸನ್ನರ ಸಹಿಯಿಂದ ಸಾರ್ವಜನಿಕ ಪ್ರಸಾರ ಶಾಸನ ಜಾರಿಗೆ ಬಂದಿತು. ಆ ಶಾಸನ ಕಾರ್ಪೊರೇಷನ್ ಫಾರ್ ಪಬ್ಲಿಕ್ ಬ್ರಾಡ್‌ಕಾಸ್ಟಿಂಗ್ ಎಂಬ ನಿಗಮವನ್ನು ಸೃಷ್ಟಿಸಿತು. ನಿಗಮ ತಾನು ಪ್ರಸಾರ ಮಾಡುವಂತಿಲ್ಲ. ಸರ್ಕಾರದ ಹಣವನ್ನು ಪಡೆದು, ಗೊತ್ತುಪಡಿಸಿದ ಸೂತ್ರದ ಪ್ರಕಾರ ಅದರ ಬಹುಪಾಲನ್ನು ನಿಲಯಗಳಿಗೆ ಹಂಚಬೇಕು. ಸರ್ಕಾರಕ್ಕೂ ನಿಲಯಕ್ಕೂ ನಡುವೆ ಒಂದು ಗೋಡೆ ಇರಲೆಂಬುದೇ ಉದ್ದೇಶ. ಅದರ ಬೆನ್ನಲ್ಲೇ 1969ರಲ್ಲಿ ಪಿ.ಬಿ.ಎಸ್. ಸ್ಥಾಪಿತವಾಗಿ ಮರುವರ್ಷದ ಅಕ್ಟೋಬರ್‌ನಿಂದ ಕಾರ್ಯಕ್ರಮ ಹಂಚತೊಡಗಿತು.

ಈ ಹಿನ್ನೆಲೆಯಲ್ಲಿ ಇಂದಿನ ಸದಸ್ಯ ನಿಲಯವೊಂದರ ಪಟ್ಟಿಯನ್ನು ಕೈಗೆತ್ತಿಕೊಳ್ಳೋಣ. ಬೆಳಗಿನ ಹೊತ್ತು ಬಹುಮಟ್ಟಿಗೆ ಮಕ್ಕಳದು. ವಾರದ ದಿನ ಸಂಜೆ ರಾಷ್ಟ್ರೀಯ ವಾರ್ತೆ. ರಾತ್ರಿಯ ಮುಖ್ಯ ವೇಳೆಯಲ್ಲಿ ವಿಜ್ಞಾನದ 'ನೋವಾ', ವನ್ಯಜೀವಿಗಳ 'ನೇಚರ್', ಬ್ರಿಟಿಷ್ ನಾಟಕಗಳ 'ಮಾಸ್ಟರ್‌ಪೀಸ್' ಮುಂತಾದವು. ಇವು ದೇಶದ ತುಂಬ ಬರುವವಾದರೂ ಮೂಲತಃ ಒಂದೊಂದು ನಿಲಯದ ಕೂಸುಗಳೇ. 'ನೋವಾ' ಬೋಸ್ಟನ್ನಿನದು, 'ನೇಚರ್' ನ್ಯೂಯಾರ್ಕಿನದು. ಮಿಕ್ಕ ಹೊತ್ತಿಗೆ ಕೊಂಡುತಂದ ಧಾರಾವಾಹಿಗಳು, ಅಡುಗೆ, ಮರಗೆಲಸ, ಪುನಃಪ್ರಸಾರ. ವರ್ಷದಲ್ಲಿ ಕೆಲವು ವಾರ ಪಟ್ಟಿಯ ಚಹರೆಯೇ ಬದಲಾಗಿ ಹಳೆಯ ಗಾಯಕರ ಕಚೇರಿಗಳೂ ಆರೋಗ್ಯೋಪದೇಶಗಳೂ ತುಂಬಿಕೊಳ್ಳುತ್ತವೆ. ಅದು ಚಂದಾ ಎತ್ತುವ ಕಾಲ. ನಡುನಡುವೆ ಕಾರ್ಯಕ್ರಮ ನಿಲ್ಲಿಸಿ ನಿಲಯದವರು ನೋಡುಗರನ್ನು ಹಣ ಕೇಳುತ್ತಾರೆ. ಸಭ್ಯವಾಗಿ ಹೇಳುವುದಾದರೆ, ನಿಲಯದ ಅತ್ಯಂತ ನೀರಸವಾದ ವಾರಗಳೂ ಇವೇ. ಇಷ್ಟೆಲ್ಲದರ ನಡುವೆ, ವಾರದಲ್ಲೊಂದೆರಡು ಅರ್ಧ ಗಂಟೆಗಳಲ್ಲಿ, ರಾಜ್ಯದ ರಾಜಕೀಯವನ್ನು ಕುರಿತ ಚರ್ಚೆಯೋ ಊರಿನ ಚರಿತ್ರೆಯ ಸಾಕ್ಷ್ಯಚಿತ್ರವೋ ಪ್ರೌಢಶಾಲೆಗಳ ರಸಪ್ರಶ್ನೆಯೋ ಇರುತ್ತದೆ. ನಿಲಯವು ಸ್ವತಃ ತಯಾರಿಸಿದ್ದು ಇಷ್ಟು ಮಾತ್ರ.

ಈ ಅರ್ಧ ಗಂಟೆ ಪಟ್ಟಿಯಲ್ಲಿ ಒಂದು ಸಾಲನ್ನಷ್ಟೇ ಹಿಡಿಯುತ್ತದೆ, ಆಯವ್ಯಯದಲ್ಲಿ ಹಾಗಲ್ಲ. ಒಕ್ಕೂಟದಿಂದ ಬಂದ ಒಂದು ಗಂಟೆಯ ಖರ್ಚನ್ನು ಮುನ್ನೂರು ನಿಲಯಗಳು ಹಂಚಿಕೊಳ್ಳುತ್ತವೆ. ಊರಿನ ಅರ್ಧ ಗಂಟೆಯ ಖರ್ಚು ಊರಿನದೇ: ಕ್ಯಾಮೆರಾ ಹಿಡಿಯುವವನು, ಸಂಕಲನ ಮಾಡುವವನು, ಪ್ರಶ್ನೆ ಕೇಳುವವನು, ಎಲ್ಲರಿಗೂ ಸಂಬಳ ಕೊಡಬೇಕು, ಅದನ್ನು ಕೊಳ್ಳುವ ಬೇರೆ ನಿಲಯ ಇರುವುದಿಲ್ಲ. ಪಕ್ಕದ ರಾಜ್ಯದವರಿಗೆ ಈ ರಾಜ್ಯದ ಶಾಸನಸಭೆಯ ಜಗಳ ಯಾಕೆ ಬೇಕು? ಹೀಗಾಗಿ ಸ್ಥಳೀಯವಾದುದೇ ಅತ್ಯಂತ ದುಬಾರಿ. ನೋಡುಗರ ಚಂದಾ, ರಾಜ್ಯ ಸರ್ಕಾರದ ಅಥವಾ ವಿಶ್ವವಿದ್ಯಾನಿಲಯದ ಅನುದಾನ, ಪ್ರಾಯೋಜಕರ ಕೊಡುಗೆ, ನಿಗಮದ ಅನುದಾನ ಇವು ಕೂಡಿ ಈ ದುಬಾರಿಯನ್ನು ಹೊರುತ್ತಿದ್ದವು. ನಿಗಮಕ್ಕೆ ಬರುತ್ತಿದ್ದುದು ಕೊನೆಕೊನೆಗೆ ವರ್ಷಕ್ಕೆ 53.5 ಕೋಟಿ ಡಾಲರ್, ಎಂದರೆ ತಲೆಗೆ ಒಂದೂವರೆ ಡಾಲರಿಗಿಂತ ತುಸು ಹೆಚ್ಚು. ನಗರದ ದೊಡ್ಡ ನಿಲಯಕ್ಕೆ ಇದು ಆದಾಯದ ಸಣ್ಣ ಭಾಗ. ಆದರೆ ಜನ ವಿರಳವಾದ, ಶ್ರೀಮಂತರಿಲ್ಲದ ಪ್ರದೇಶದ ಸಣ್ಣ ನಿಲಯಗಳಲ್ಲಿ ಕೆಲವಕ್ಕೆ ಅರ್ಧಕ್ಕೂ ಮಿಕ್ಕು ಇದೇ ಆಧಾರವಾಗಿತ್ತು.

ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. 'ಮುಂಬರುವ ಕಾರ್ಯಕ್ರಮ' ಎಂದು ಪಟ್ಟಿಯಲ್ಲಿ ಕಾಣುವುದು ವರ್ಷಗಳ ಹಿಂದೆಯೇ ಆರಂಭವಾಗಿರುತ್ತದೆ. ಕೆನ್ ಬರ್ನ್ಸ್ ಮತ್ತು ಸಂಗಡಿಗರ ಅಮೆರಿಕನ್ ಕ್ರಾಂತಿಯ ಸಾಕ್ಷ್ಯಚಿತ್ರ, ಆರು ಭಾಗಗಳ ಹನ್ನೆರಡು ಗಂಟೆಯದು, 2025ರ ನವೆಂಬರ್ 16ರಂದು ಪ್ರಸಾರ ಆರಂಭಿಸಿತು. ಅದರ ಕೆಲಸ ಸುಮಾರು ಹತ್ತು ವರ್ಷ ನಡೆದಿತ್ತು. ಈ ವರ್ಷದ ಹಣ ಈ ವರ್ಷವೇ ಬರುವುದಾದರೆ ಇಂಥವಕ್ಕೆ ಯಾರೂ ಕೈಹಾಕಲಾರರು. 1972ರಲ್ಲಿ ಅಧ್ಯಕ್ಷ ನಿಕ್ಸನ್ ನಿಗಮದ ಹಣದ ಮಸೂದೆಯನ್ನು ತಿರಸ್ಕರಿಸಿದಾಗ ಮತ್ತೊಂದು ಅಪಾಯವೂ ಕಂಡಿತು: ಆಳುವವರಿಗೆ ಹಿತವಲ್ಲದ ಕಾರ್ಯಕ್ರಮ ಬಂದರೆ ಮುಂದಿನ ವರ್ಷದ ಹಣ ನಿಲ್ಲಬಹುದು. ಆದುದರಿಂದ ಆ ದಶಕದ ಮಧ್ಯಭಾಗದಿಂದ ಮುಂದಿನ ವರ್ಷಗಳ ಹಣವನ್ನು ಮೊದಲೇ ಮಂಜೂರು ಮಾಡುವ ಪದ್ಧತಿ ಬಂದಿತು. ವಾಡಿಕೆಯಲ್ಲಿ ಅದು ಎರಡು ವರ್ಷಕ್ಕೆ ನಿಂತಿತು. ನಿಗಮ ಗೋಡೆಯಾದರೆ ಈ ಎರಡು ವರ್ಷದ ಅಂತರ ಆ ಗೋಡೆಗೆ ಹೊರಗಿನಿಂದ ತೋಡಿದ ಕಂದಕ.

ಸ್ಥಳೀಯವೆಂಬುದನ್ನೆಲ್ಲ ನಾವು ಕಣ್ಣುಮುಚ್ಚಿ ಹೊಗಳುತ್ತಿದ್ದೇವೆಂದು ವಾಚಕರು ತಿಳಿಯಬಾರದು. ಪಟ್ಟಿಯಲ್ಲಿ ಏನಿದೆಯೆಂಬುದರಷ್ಟೇ ಏನಿಲ್ಲವೆಂಬುದೂ ಮುಖ್ಯ. ಕಪ್ಪು ಮಕ್ಕಳೂ ಬಿಳಿಯ ಮಕ್ಕಳೂ ಒಟ್ಟಿಗೆ ಆಡುವ 'ಸೆಸಮಿ ಸ್ಟ್ರೀಟ್' 1969ರ ನವೆಂಬರ್‌ನಲ್ಲಿ ಆರಂಭವಾದಾಗ ಅದನ್ನು ತೋರಿಸಲಾಗದೆಂದು ಮಿಸಿಸಿಪಿ ರಾಜ್ಯದ ಶೈಕ್ಷಣಿಕ ದೂರದರ್ಶನ ಮಂಡಲಿ 1970ರಲ್ಲಿ ತೀರ್ಮಾನಿಸಿತು. ಸುದ್ದಿ ದೇಶದ ತುಂಬ ಹಬ್ಬಿ ನಗೆಪಾಟಲಾದ ಮೇಲೆ ಕೆಲವೇ ವಾರಗಳಲ್ಲಿ ಮಾತು ಹಿಂತೆಗೆದುಕೊಂಡಿತು. ಅಲಬಾಮಾ ರಾಜ್ಯದ ಮಂಡಲಿಯ ನಡತೆ ಇದಕ್ಕಿಂತ ನಿಶ್ಶಬ್ದವಾಗಿತ್ತು. ಕಪ್ಪು ಜನರನ್ನು ಕುರಿತ ರಾಷ್ಟ್ರೀಯ ಕಾರ್ಯಕ್ರಮಗಳನ್ನು ಅದು ಬಹುಪಾಲು ಸುಮ್ಮನೆ ಬಿಟ್ಟುಬಿಡುತ್ತಿತ್ತು. ಯಾವ ಘೋಷಣೆಯೂ ಇಲ್ಲ. ಪಟ್ಟಿಯಲ್ಲಿ ಆ ವೇಳೆಗೆ ಬೇರೊಂದು ಹೆಸರಿರುತ್ತಿತ್ತು, ಅಷ್ಟೆ. ನಿವಾಸಿಗಳು ದೂರು ಕೊಟ್ಟರು. ಏನು ಪ್ರಸಾರವಾಯಿತು, ಏನು ತಿರಸ್ಕೃತವಾಯಿತು ಎಂಬುದನ್ನು ಪರಿಶೀಲಿಸಿದ ಕಮಿಷನ್ 1975ರಲ್ಲಿ ಆ ಮಂಡಲಿಯ ಎಂಟು ನಿಲಯಗಳ ಲೈಸೆನ್ಸನ್ನು ನವೀಕರಿಸಲು ನಿರಾಕರಿಸಿತು. ಮಂಡಲಿಗೆ ಹೊಸದಾಗಿ ಅರ್ಜಿ ಹಾಕಲು ಅವಕಾಶ ಸಿಕ್ಕಿ ನಿಲಯಗಳು ಅದಕ್ಕೇ ಉಳಿದವು, ನಿಜ. ಆದರೆ ರದ್ದಿಗೆ ಹೋಗತಕ್ಕ ಪಟ್ಟಿ ಸಾಕ್ಷ್ಯಪತ್ರವಾಗಿ ನಿಂತಿತ್ತು. ತಮ್ಮ ಪ್ರದೇಶದ ಸಮಸ್ಯೆಗಳನ್ನು ಕುರಿತು ಯಾವ ಕಾರ್ಯಕ್ರಮಗಳನ್ನು ಕೊಟ್ಟೆವೆಂದು ಅಲ್ಲಿಯ ನಿಲಯಗಳು ಮೂರು ತಿಂಗಳಿಗೊಮ್ಮೆ ಪಟ್ಟಿ ಸಿದ್ಧಪಡಿಸಿ ಸಾರ್ವಜನಿಕರ ಪರಿಶೀಲನೆಗೆ ಇಡಬೇಕೆಂಬ ನಿಯಮವೂ ಇದೆ.

ಇನ್ನು 2025ರ ಸಂಗತಿ. ಆ ವರ್ಷದ ಜುಲೈ ತಿಂಗಳಲ್ಲಿ ಅಮೆರಿಕಾ ಕಾಂಗ್ರೆಸ್ಸು, ಅಧ್ಯಕ್ಷ ಟ್ರಂಪ್ ಅವರ ಕೋರಿಕೆಯಂತೆ, ನಿಗಮಕ್ಕೆ 2026 ಮತ್ತು 2027ನೆಯ ಆರ್ಥಿಕ ವರ್ಷಗಳಿಗಾಗಿ ಮೊದಲೇ ಮಂಜೂರಾಗಿದ್ದ ಸುಮಾರು 110 ಕೋಟಿ ಡಾಲರನ್ನು ಹಿಂತೆಗೆದುಕೊಂಡಿತು. ಜುಲೈ 24ರಂದು ಸಹಿಯಾಯಿತು. ಸಾರ್ವಜನಿಕ ಪ್ರಸಾರ ಪಕ್ಷಪಾತದಿಂದ ಕೂಡಿದೆ, ನೂರಾರು ಚಾನೆಲ್‌ಗಳಿರುವ ಕಾಲದಲ್ಲಿ ತೆರಿಗೆಯ ಹಣ ಅದಕ್ಕೆ ಬೇಡ ಎಂಬುದು ಹಿಂತೆಗೆದವರ ವಾದ. ಆ ವಾದದ ಎರಡನೆಯ ಭಾಗಕ್ಕೆ ನಗರಗಳಲ್ಲಿ ಒಂದಷ್ಟು ಅರ್ಥವಿದೆಯೆಂದು ಒಪ್ಪಬೇಕು. ಅಲ್ಲಿ ನೋಡುಗನಿಗೆ ಆಯ್ಕೆಯ ಕೊರತೆಯಿಲ್ಲ. ಆದರೆ ನೂರು ಚಾನೆಲ್‌ಗಳಿದ್ದರೂ ಊರಿನ ಅರ್ಧ ಗಂಟೆಯನ್ನು ತಯಾರಿಸುವ ಚಾನೆಲ್ ಅದರಲ್ಲಿ ಎಷ್ಟು? ಮುಂಗಡ ಮಂಜೂರಾತಿಯ ಕಂದಕವನ್ನು ದಾಟಲಾಗದೆಂದು ಐವತ್ತು ವರ್ಷ ನಂಬಿದ್ದರು, ದಾಟಲಿಲ್ಲ, ಮುಚ್ಚಿಬಿಟ್ಟರು. ಆಗಸ್ಟ್ 1ರಂದು ನಿಗಮ ತನ್ನ ಕೆಲಸ ಮುಗಿಸುವುದಾಗಿ ಪ್ರಕಟಿಸಿತು. 2026ರ ಜನವರಿಯಲ್ಲಿ ಅದರ ಮಂಡಲಿ ನಿಗಮವನ್ನು ವಿಸರ್ಜಿಸಲು ನಿರ್ಣಯಿಸಿತು.

ನಿಲಯಗಳು ಸಿಬ್ಬಂದಿಯನ್ನು ಕಡಿಮೆ ಮಾಡತೊಡಗಿದವು. ಲೆಕ್ಕ ಸರಳವಾದುದು. ಪ್ರೇಷಕ ಗೋಪುರದ ವಿದ್ಯುತ್ತಿಗೆ ಹಣ ಕಟ್ಟಲೇಬೇಕು. ಒಕ್ಕೂಟದ ಚಂದಾ ಕಟ್ಟದಿದ್ದರೆ ಪಟ್ಟಿಯ ಬಹುಭಾಗವೇ ಖಾಲಿಯಾಗುತ್ತದೆ. ಉಳಿದದ್ದು ಊರಿನ ಅರ್ಧ ಗಂಟೆ. ಅದನ್ನು ಬಿಟ್ಟುಕೊಟ್ಟ ನಿಲಯದ ಪಟ್ಟಿ ಮೇಲುನೋಟಕ್ಕೆ ಮೊದಲಿನಂತೆಯೇ ಕಾಣುತ್ತದೆ. ನಿಲಯ ಮಾತ್ರ ನಿಲಯವಾಗಿ ಉಳಿಯದೆ ದಾಟಿಸುವ ಯಂತ್ರವಾಗಿರುತ್ತದೆ. ಇದಕ್ಕೆ ವಿರುದ್ಧವಾದ ದಾರಿ ಹಿಡಿದವರೂ ಇದ್ದಾರೆ. ವರ್ಷಕ್ಕೆ ಸುಮಾರು 25 ಲಕ್ಷ ಡಾಲರ್ ಚಂದಾ ಕಟ್ಟಲಾರೆವೆಂದು ಅರ್ಕನ್ಸಾ ರಾಜ್ಯದ ಮಂಡಲಿ 2025ರ ಡಿಸೆಂಬರ್‌ನಲ್ಲಿ ಒಕ್ಕೂಟವನ್ನೇ ಬಿಡಲು ತೀರ್ಮಾನಿಸಿ, ಸ್ಥಳೀಯ ಕಾರ್ಯಕ್ರಮಗಳಿಗೆ ಹೆಚ್ಚಿನ ಗಮನ ಕೊಡುವುದಾಗಿ ಹೇಳಿತು. ಹೇಳುವುದು ಸುಲಭ. ದಿನದ ಇಪ್ಪತ್ತನಾಲ್ಕು ಗಂಟೆಯನ್ನು ಒಂದು ರಾಜ್ಯ ತಾನೇ ತುಂಬುವುದು ಎಷ್ಟು ಕಷ್ಟವೆಂಬುದನ್ನು 1953ರ ಹ್ಯೂಸ್ಟನ್ನಿನ ಅಧ್ಯಾಪಕರು ಬಲ್ಲವರಾಗಿದ್ದರು. ಅಲಾಸ್ಕಾದ ಬೆಥೆಲ್ ಎಂಬ ಸಣ್ಣ ಊರಿನ ಕೆ.ವೈ.ಯು.ಕೆ. ನಿಲಯಕ್ಕಂತೂ ಇಂಥ ಆಯ್ಕೆಗಳೂ ಇಲ್ಲ. ರಸ್ತೆಯ ಸಂಪರ್ಕವಿಲ್ಲದ ಹಳ್ಳಿಗಳಿಗೆ ಇಂಗ್ಲಿಷಿನ ಜತೆಗೆ ಯೂಪಿಕ್ ಭಾಷೆಯಲ್ಲಿಯೂ ವಾರ್ತೆ ಕೊಡುವ ನಿಲಯ ಅದು. ಅದರ ಆದಾಯದ ಹೆಚ್ಚಿನ ಭಾಗ ನಿಗಮದಿಂದ ಬರುತ್ತಿತ್ತು. ಯೂಪಿಕ್ ವಾರ್ತೆಯನ್ನು ಬೇರೆಲ್ಲಿಂದಲೂ ಕೊಂಡು ತರಲಾಗದು.

ಈ ವಿಷಯ ನಮ್ಮ ನಾಡಿಗೆ ಹೊರತಾದುದಲ್ಲ. ಎ.ಟಿ.ಎಸ್.-6 ಎಂಬ ಅಮೆರಿಕದ ಉಪಗ್ರಹ ಮೊದಲು ಆ ದೇಶದ ದುರ್ಗಮ ಪ್ರದೇಶಗಳಿಗೆ ಪಾಠ ಪ್ರಸಾರ ಮಾಡಿ, ಬಳಿಕ 1975ರ ಆಗಸ್ಟ್ 1ರಿಂದ ಒಂದು ವರ್ಷ ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಕೊಟ್ಟಿತು. ನಮ್ಮಲ್ಲಿ ಅದು ತಲುಪಿದ್ದು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳನ್ನು. ಬೆಳಗ್ಗೆ ಶಾಲಾ ಮಕ್ಕಳಿಗೆ ಒಂದೂವರೆ ಗಂಟೆ, ಸಂಜೆ ಊರಿನವರಿಗೆ ಎರಡೂವರೆ ಗಂಟೆ. ಇಷ್ಟನ್ನು ಭಾಷಾ ಪ್ರದೇಶಗಳು ಹಂಚಿಕೊಳ್ಳಬೇಕಾಗಿತ್ತು. ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದ ಕೇಂದ್ರ ಇದ್ದುದು ಹೈದರಾಬಾದಿನಲ್ಲಿ, ತೆಲುಗಿನ ಕಾರ್ಯಕ್ರಮಗಳ ಜತೆಗೆ. ಉಪಗ್ರಹದ ಒಂದು ಚಿತ್ರಮಾರ್ಗಕ್ಕೆ ಎರಡು ಧ್ವನಿಮಾರ್ಗಗಳಿದ್ದುದರಿಂದ ಒಂದೇ ಚಿತ್ರಕ್ಕೆ ಎರಡು ಭಾಷೆಗಳನ್ನು ಜೋಡಿಸಬಹುದಾಗಿತ್ತು. ಹಾಗಿದ್ದಲ್ಲಿ ರಾಯಚೂರಿನ ರೈತ ಆ ಸಂಜೆ ನೋಡಿದ ಹೊಲ ಯಾವ ಸೀಮೆಯದು? ಅವಧಿ ಮುಗಿದು ಉಪಗ್ರಹ ಸರಿದುಹೋದ ಮೇಲೆ 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಮೇಲಿನ ಪ್ರೇಷಕವೊಂದು ಸ್ಥಾಪಿತವಾಯಿತು; ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ರಾಜಧಾನಿಗಿಂತ ಮೊದಲು ಹಳ್ಳಿ ದೂರದರ್ಶನವನ್ನು ಕಂಡಿತೆಂಬುದು ನಮ್ಮ ನಾಡಿನ ಪ್ರಸಾರ ಚರಿತ್ರೆಯ ಒಂದು ವಿಶೇಷ.

ಆರಂಭಕಾಲದ ಅಮೆರಿಕನ್ ನಿಲಯಗಳ ನೇರಪ್ರಸಾರಗಳಲ್ಲಿ ಹೆಚ್ಚಿನವು ದಾಖಲಾಗಲೇ ಇಲ್ಲ. ಅವು ಇದ್ದುವೆಂಬುದಕ್ಕೆ ಎಷ್ಟೋ ವೇಳೆ ಅಚ್ಚಾದ ಪಟ್ಟಿಯೇ ಉಳಿದಿರುವ ಕುರುಹು. ನಮ್ಮ ಮೂರು ಜಿಲ್ಲೆಗಳ ಶಾಲೆಗಳಿಗೂ ಆ ವರ್ಷ ಮುಂಬರುವ ಪಾಠಗಳ ವಿವರ ಯಾವುದಾದರೊಂದು ರೂಪದಲ್ಲಿ ತಲುಪಿರಬೇಕು. ವಿಜಯಪುರ, ಕಲಬುರಗಿ, ರಾಯಚೂರು, ಕೊಪ್ಪಳ, ಯಾದಗಿರಿ, ಬಾಗಲಕೋಟೆಗಳ ಕಾಲೇಜುಗಳ ಅಧ್ಯಾಪಕರಿಗಾಗಲಿ ವಿದ್ಯಾರ್ಥಿಗಳಿಗಾಗಲಿ ಹಳೆಯ ಶಾಲೆಗಳ ದಫ್ತರಗಳಲ್ಲಿ, ನಿವೃತ್ತ ಉಪಾಧ್ಯಾಯರ ಮನೆಗಳ ಪೆಟ್ಟಿಗೆಗಳಲ್ಲಿ 1975-76ರ ಇಂಥ ಕಾಗದಗಳು ಕಣ್ಣಿಗೆ ಬಿದ್ದರೆ, ಅವುಗಳನ್ನು ರದ್ದಿಗೆ ಹಾಕದೆ ವಿಭಾಗಕ್ಕೆ ತಿಳಿಸಬೇಕೆಂದು ಕೋರುತ್ತೇವೆ. ಮೂಲವನ್ನು ಕೊಡಬೇಕೆಂದಿಲ್ಲ, ಪ್ರತಿ ಮಾಡಿಕೊಂಡು ಹಿಂದಿರುಗಿಸುತ್ತೇವೆ.